ಎರಡು ಮರದ ಬೀಜ, ಎಂಟುನೂರು ಸಸಿ: ನಾವು ಮಾಡಿದ ತಪ್ಪು ನೀವು ಮಾಡಬೇಡಿ

ಹೊಂಗೆ ಕಾಯಿ ಒಣಗಿ ಉದುರೋಕೆ ಶುರುವಾಗಿದೆ. ಇನ್ನು ತಿಂಗಳೊಪ್ಪತ್ತಿನಲ್ಲಿ ಬೇವು, ಅದರ ಬೆನ್ನಿಗೇ ಹಿಪ್ಪೆ, ನೇರಳೆ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಊರ ಗೋಮಾಳದಲ್ಲಿ ಈ ಮಳೆಗಾಲಕ್ಕೆ ನಾಟಿ ಗಿಡ ಹಾಕ್ಬೇಕು ಅಂತ ಯೋಚನೆ ಮಾಡಿರೋರು ಬೀಜ ಆಯೋಕೆ ಇದೇ ಸಮಯ. ಆದರೆ ಗೋಣಿಚೀಲ ಹಿಡಿದು ಹೊರಡೋ ಮುಂಚೆ ಐದು ನಿಮಿಷ ಇದನ್ನು ಓದಿ.

2014ರಲ್ಲಿ ನಮ್ಮೂರಿನ ಹುಡುಗರೆಲ್ಲ ಸೇರಿ ಹಳ್ಳದ ಎರಡೂ ದಂಡೆಗೆ ಹೊಂಗೆ ಹಾಕೋದು ಅಂತ ತೀರ್ಮಾನ ಮಾಡಿದ್ವಿ. ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆ, ಹೊಂಗೆಗೇನೂ ಬರ ಇಲ್ಲ. ಆದರೂ ಬೀಜಕ್ಕೆ ಅಂತ ನಾವು ಹೋಗಿದ್ದು ಎರಡೇ ಮರದ ಹತ್ತಿರ, ಶಾಲೆ ಮುಂದಿನವು. ಯಾಕೆ ಅಂದ್ರೆ ನೆರಳಿತ್ತು, ನೆಲ ಗುಡಿಸಿ ಸ್ವಚ್ಛವಾಗಿತ್ತು, ಅರ್ಧ ಗಂಟೆಯಲ್ಲಿ ಮೂರು ಚೀಲ ತುಂಬಿತು. ಎಂಟುನೂರು ಸಸಿ ಆಯ್ತು. ನೆಟ್ಟಿದ್ದರಲ್ಲಿ ಮುಕ್ಕಾಲು ಪಾಲು ಬದುಕಿದವು. ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡು ಖುಷಿಪಟ್ಟಿದ್ದೂ ಆಯ್ತು.

ಆರನೇ ವರ್ಷ ಎಲೆಗಳ ಮೇಲೆಲ್ಲ ಗಂಟು ಗಂಟು ಏಳೋಕೆ ಶುರುವಾಯ್ತು. ಹೊಂಗೆ ಎಲೆಗೆ ನುಸಿ ಹೊಡೆದು ಹೀಗೆ ಗಂಟಾಗೋದು ಹೊಸದೇನಲ್ಲ, ನೀವೂ ನೋಡಿರ್ತೀರಿ. ಹೊಸದಾಗಿದ್ದು ಏನಪ್ಪಾ ಅಂದ್ರೆ, ನಾವು ನೆಟ್ಟ ಸಾಲಿನಲ್ಲಿ ಹೆಚ್ಚು ಕಡಿಮೆ ಪ್ರತಿ ಮರಕ್ಕೂ ಒಂದೇ ಥರ ಹೊಡೆದಿತ್ತು. ಹಳ್ಳದ ಕೆಳಗಡೆ ತಾವಾಗೇ ಹುಟ್ಟಿದ ಹೊಂಗೆಗಳಿವೆ. ಅಲ್ಲಿ ಒಂದು ಮರಕ್ಕೆ ಜೋರಾಗಿದ್ರೆ ಪಕ್ಕದ್ದಕ್ಕೆ ಅಲ್ಪಸ್ವಲ್ಪ, ಇನ್ನೊಂದಂತೂ ಶುದ್ಧ ಹಸಿರು. ಅದೇ ಮಣ್ಣು, ಅದೇ ನೀರು. ನಮ್ಮ ಸಾಲಿಗೆ ಬಂದಿದ್ದಕ್ಕೆ ಬೀಜ ಒಂದೇ ಕಾರಣ ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ, ಗಿಡ ಒತ್ತೊತ್ತಾಗಿ ಹಾಕಿದ್ದೂ ಇತ್ತು. ಆದರೆ ಆ ಸಾಲು ನೋಡಿದ ಮೇಲೆ ನನಗೆ ಬೀಜದ ಕಡೆ ಗಮನ ಹೋಯ್ತು.

ಊರಿಗೆಲ್ಲ ಒಂದೇ ಹೋರಿ

ದನ ಸಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಊರಿಗೆಲ್ಲ ಒಂದೇ ಹೋರಿ ಇಟ್ಟುಕೊಂಡು, ಅದರ ಕರುಗಳಿಗೂ ಮತ್ತೆ ಅದೇ ಹೋರಿ ಬಿಡ್ತಾ ಹೋದ್ರೆ ಮೂರು ನಾಲ್ಕು ತಲೆಮಾರಿಗೆ ಏನಾಗುತ್ತೆ? ಕರು ಸಣ್ಣ, ಗರ್ಭ ನಿಲ್ಲಲ್ಲ, ರೋಗಕ್ಕೆ ಬೇಗ ಬೀಳುತ್ತೆ. ಮರದಲ್ಲೂ ಅಷ್ಟೇ. ಎರಡು ತಾಯಿಮರದ ಮಕ್ಕಳನ್ನೇ ಒಂದು ಕಡೆ ನೆಟ್ಟರೆ, ನಾಳೆ ಅವು ಹೂಬಿಟ್ಟಾಗ ಜೇನ್ನೊಣ ಹೊತ್ತು ತರೋ ಪರಾಗವೂ ಅಣ್ಣತಮ್ಮಂದಿರದ್ದೇ. ಎಷ್ಟೋ ಜಾತಿಯ ಮರಗಳಲ್ಲಿ ಹೀಗೆ ಹತ್ತಿರದ ಸಂಬಂಧದ ಪರಾಗ ಬಿದ್ದರೆ ಕಾಯಿ ಕಡಿಮೆ ಕಟ್ಟುತ್ತೆ, ಕಟ್ಟಿದರೂ ಬೀಜ ಜೊಳ್ಳಾಗೋದು, ಮೊಳಕೆ ಬಡವಾಗಿರೋದು ಹೆಚ್ಚು.

ತೋಟದಲ್ಲಿ ನೆಲ್ಲಿ ಹಾಕಿದವರು ಇದರ ಒಂದು ರೂಪ ಕಂಡಿರ್ತಾರೆ. ಎನ್‌ಎ-7 ಚೆನ್ನಾಗಿದೆ ಅಂತ ಇಡೀ ಎಕರೆಗೆ ಅದೊಂದೇ ಕಸಿ ಗಿಡ ಹಾಕಿದ್ರೆ ಕಾಯಿ ಸರಿಯಾಗಿ ಕಚ್ಚಲ್ಲ. ಅದಕ್ಕೇ ನಡುನಡುವೆ ಕೃಷ್ಣ, ಕಾಂಚನ್, ಚಕೈಯಾ ಅಂತ ಬೇರೆ ತಳಿ ಹಾಕಿ ಅನ್ನೋದು. ಕಸಿ ಗಿಡ ಅಂದ್ರೆ ಒಂದೇ ಮರದ ನಕಲು ಪ್ರತಿಗಳು. ನೂರು ಗಿಡ ಇದ್ದರೂ ವಂಶದ ಲೆಕ್ಕದಲ್ಲಿ ಅದು ಒಂದೇ ಗಿಡ.

ತೋಟಕ್ಕಾದ್ರೆ ಗೊಬ್ಬರ, ನೀರು, ಔಷಧಿ ಕೊಟ್ಟು ಕಾಯ್ತೀವಿ. ಗೋಮಾಳಕ್ಕೆ, ಹಳ್ಳದ ದಂಡೆಗೆ ಹಾಕಿದ ಗಿಡವನ್ನು ಎರಡು ವರ್ಷ ಆದ ಮೇಲೆ ಯಾರೂ ತಿರುಗಿ ನೋಡಲ್ಲ. ಅದು ತನ್ನ ಬಲದ ಮೇಲೆ ನಿಲ್ಲಬೇಕು, ತನ್ನ ಬೀಜದಿಂದ ಮುಂದಿನ ಗಿಡ ಹುಟ್ಟಿಸಬೇಕು. ಒಂದು ವರ್ಷ ಬರ, ಇನ್ನೊಂದು ವರ್ಷ ಅತಿವೃಷ್ಟಿ, ಮತ್ತೊಂದು ವರ್ಷ ಹೊಸ ಹುಳ. ಎಲ್ಲಾ ಗಿಡವೂ ಒಂದೇ ಥರ ಇದ್ದರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಬಗೆಬಗೆ ಇದ್ದರೆ ಕೆಲವು ಹೋಗ್ತವೆ, ಕೆಲವು ಉಳೀತವೆ, ಉಳಿದವು ಬೀಜ ಕೊಡ್ತವೆ. ಇದನ್ನೇ ತಳಿವೈವಿಧ್ಯ ಅನ್ನೋದು.

ಹಾಗಾದ್ರೆ ಎಷ್ಟು ಮರ?

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಿಮ್ಮ ಸೀಮೆಯ ಹೊಂಗೆ ಮರಗಳಲ್ಲಿ ಹತ್ತಕ್ಕೆ ಒಂದರಲ್ಲಿ ಬರ ತಡೆಯೋ ಒಂದು ವಿಶೇಷ ಗುಣ ಇದೆ ಅಂದುಕೊಳ್ಳಿ. ಯಾವ ಮರದಲ್ಲಿ ಅಂತ ನಮಗೆ ನೋಡಿದ್ರೆ ಗೊತ್ತಾಗಲ್ಲ. ಕಣ್ಣುಮುಚ್ಚಿ ಒಂದು ಮರ ಆರಿಸಿದ್ರೆ ಆ ಗುಣ ತಪ್ಪಿಹೋಗೋ ಸಾಧ್ಯತೆ 0.9. ಎರಡು ಮರ ಆರಿಸಿದ್ರೆ 0.9 ಗುಣಿಸು 0.9, ಅಂದ್ರೆ 0.81. ಅಂದ್ರೆ ನಮ್ಮ ಶಾಲೆ ಮುಂದಿನ ಎರಡು ಮರದಲ್ಲಿ ಆ ಗುಣ ಇಲ್ಲದೇ ಹೋಗೋಕೆ ನೂರಕ್ಕೆ 81 ಅವಕಾಶ. ಹತ್ತು ಮರದಿಂದ ಆಯ್ದರೆ ಇದು 35ಕ್ಕೆ ಇಳಿಯುತ್ತೆ. ಇಪ್ಪತ್ತಕ್ಕೆ 12. ಮೂವತ್ತು ಮರಕ್ಕೆ ಹೋದ್ರೆ ನೂರಕ್ಕೆ ನಾಲ್ಕೇ.

1975ರಲ್ಲಿ ಮಾರ್ಷಲ್ ಮತ್ತು ಬ್ರೌನ್ ಅನ್ನೋ ವಿಜ್ಞಾನಿಗಳು ಇದೇ ಥರದ ಲೆಕ್ಕ ಇನ್ನೂ ಸೂಕ್ಷ್ಮವಾಗಿ ಹಾಕಿ, ಒಂದು ಜಾಗದ ಸಸ್ಯದ ವೈವಿಧ್ಯ ಹಿಡಿದಿಡಬೇಕಾದ್ರೆ 50ರಿಂದ 100 ಗಿಡಗಳಿಂದ ಬೀಜ ತಗೊಳ್ಳಿ ಅಂದರು. ಬೀಜ ಬ್ಯಾಂಕಿನವರು ಇವತ್ತಿಗೂ 50ರ ಲೆಕ್ಕ ಇಟ್ಟುಕೊಂಡೇ ಹೊರಡ್ತಾರೆ. ನಮ್ಮ ನಿಮ್ಮಂಥವರಿಗೆ ಒಂದೇ ವರ್ಷಕ್ಕೆ 50 ಮರ ಅಂದ್ರೆ ಕಷ್ಟ, ಒಪ್ಪಿಕೊಳ್ತೀನಿ. ನನ್ನ ಅಭಿಪ್ರಾಯದಲ್ಲಿ 30 ಮರ ಮಾಡಿದ್ರೆ ಒಳ್ಳೇದು, 15ಕ್ಕಿಂತ ಕಡಿಮೆ ಮಾಡಬೇಡಿ. ಈ ವರ್ಷ 15, ಮುಂದಿನ ವರ್ಷ ಬೇರೆ 15 ಮಾಡಿ ಅದೇ ಜಾಗದಲ್ಲಿ ಸೇರಿಸಿ ನೆಟ್ಟರೂ ನಡೆಯುತ್ತೆ. ವರ್ಷ ಬದಲಾದ್ರೆ ಪರಾಗದ ಅಪ್ಪಂದಿರೂ ಬದಲಾಗ್ತಾರೆ, ಅದೂ ಲಾಭವೇ.

ಸಂಖ್ಯೆ ಒಂದೇ ಸಾಲದು. ಮರದಿಂದ ಮರಕ್ಕೆ ದೂರ ಇರಬೇಕು. ಮರದ ಬುಡದಲ್ಲಿ ಬಿದ್ದ ಬೀಜದಿಂದಲೇ ಪಕ್ಕದ ಮರ ಹುಟ್ಟಿರುತ್ತೆ. ಹಾಗಾಗಿ ಅಕ್ಕಪಕ್ಕದ ಮರಗಳು ಬಹುಪಾಲು ನೆಂಟರೇ. ಕನಿಷ್ಠ 50 ಮೀಟರ್, ಸಾಧ್ಯವಾದ್ರೆ 100 ಮೀಟರ್ ಬಿಟ್ಟು ಮುಂದಿನ ಮರಕ್ಕೆ ಹೋಗಿ. ಹೊಲದ ಮಧ್ಯೆ ಒಂಟಿಯಾಗಿ ನಿಂತ ಮರ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಸುತ್ತ ಜೊತೆ ಇಲ್ಲದ ಮರಕ್ಕೆ ತನ್ನ ಪರಾಗವೇ ತನಗೆ ಬೀಳೋದು ಜಾಸ್ತಿ. ಹತ್ತಾರು ಮರ ಒಟ್ಟಿಗೆ ಹೂಬಿಡೋ ಗುಂಡುತೋಪು, ಹಳ್ಳದ ಸಾಲು, ದೇವರಕಾಡಿನ ಅಂಚು ಇವೇ ಒಳ್ಳೆಯ ಜಾಗ. ಒಂದು ಮರದಲ್ಲೂ ಒಂದೇ ಕೊಂಬೆಯಿಂದ ಎಲ್ಲ ಕಿತ್ಕೋಬೇಡಿ, ನಾಲ್ಕೂ ದಿಕ್ಕಿಂದ ತಗೊಳ್ಳಿ.

ಇನ್ನೊಂದು ಮಾತು. ಟಿಂಬರ್‌ಗೆ ಬೀಜ ಆರಿಸುವಾಗ ನೇರವಾದ, ದಪ್ಪ ಮರ ನೋಡಿ ಆರಿಸ್ತೀವಿ. ಅದು ಸರಿ. ಆದರೆ ಜಮೀನನ್ನು ಮೊದಲಿನಂತೆ ಮಾಡೋಕೆ ಹೊರಟಾಗ ಬರೀ ಸುಂದರಾಂಗರನ್ನು ಆರಿಸೋದು ತಪ್ಪು. ಕಲ್ಲಿನ ಮೇಲೆ ಗಿಡ್ಡವಾಗಿ ನಿಂತಿರೋ ಸೊಟ್ಟ ಹೊಂಗೆಯಲ್ಲೇ ನಿಮ್ಮ ಕಲ್ಲುಭೂಮಿಗೆ ಬೇಕಾದ ಗುಣ ಇರಬಹುದು. ರೋಗ ಹಿಡಿದದ್ದು ಬಿಟ್ಟು ಉಳಿದಂತೆ ಎಲ್ಲ ಥರದ್ದೂ ಬರಲಿ.

ಫೋನು ಇಲ್ಲಿ ಕೆಲಸಕ್ಕೆ ಬರುತ್ತೆ

ಬೀಜ ಬಿಡೋ ಕಾಲಕ್ಕೆ ಮರ ಹುಡುಕ್ತಾ ಹೊರಟ್ರೆ ಹೊತ್ತು ಹೋಗುತ್ತೆ. ಹೂಬಿಟ್ಟಾಗಲೇ ಗುರುತು ಮಾಡಿಕೊಳ್ಳಬೇಕು. ಮರದ ಬುಡಕ್ಕೆ ನಿಂತು ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿ, ಸೇವ್ ಮಾಡಿ, ಹೆಸರು ಕೊಡಿ: ಹೊಂಗೆ 1, ಹೊಂಗೆ 2 ಹೀಗೆ. ಇಡೀ ಮರದ ಒಂದು ಫೋಟೋ, ಎಲೆ ಕಾಯಿಯ ಒಂದು ಫೋಟೋ. ನಾವು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೀವಿ, ಅದರಲ್ಲಿ ಲೊಕೇಶನ್ ಹಾಕೋದು, ಕೆಳಗೆ ಒಂದು ಸಾಲು ಬರೆಯೋದು, ಅಷ್ಟೇ ಕೆಲಸ. ಪಿನ್‌ಗಳ ಮಧ್ಯೆ ಎಷ್ಟು ದೂರ ಅಂತ ಅದೇ ಮ್ಯಾಪ್ ಅಳೆದು ಕೊಡುತ್ತೆ.

ಬೀಜ ತಂದ ಮೇಲೆ ಮರಮರಕ್ಕೂ ಬೇರೆ ಬಟ್ಟೆ ಚೀಲ, ಒಳಗೊಂದು ಚೀಟಿ, ಅದರಲ್ಲಿ ಪಿನ್ ಹೆಸರು ಮತ್ತು ತಾರೀಖು. ಪ್ಲಾಸ್ಟಿಕ್ ಕವರ್ ಬೇಡ, ಬೆವೆತು ಬೂಷ್ಟು ಹಿಡಿಯುತ್ತೆ. ಬಿತ್ತೋ ದಿನ ಎಲ್ಲವನ್ನೂ ಸುರಿದು ಬೆರೆಸಬೇಡಿ. ಒಂದು ಮರ ಹತ್ತು ಕೆಜಿ ಕೊಟ್ಟಿರುತ್ತೆ, ಇನ್ನೊಂದು ಅರ್ಧ ಕೆಜಿ. ಸುಮ್ಮನೆ ಸುರಿದರೆ ಹತ್ತು ಕೆಜಿ ಕೊಟ್ಟ ಮರದ ಮಕ್ಕಳೇ ಎಲ್ಲೆಲ್ಲೂ. ಒಂದು ಡಬ್ಬಿ ಅಳತೆ ಇಟ್ಟುಕೊಂಡು ಪ್ರತಿ ಮರದ್ದೂ ಒಂದೊಂದೇ ಡಬ್ಬಿ ತಗೊಂಡು ಆಮೇಲೆ ಬೆರೆಸಿ. ಇಷ್ಟು ಸಣ್ಣ ಕೆಲಸ ಬಿಟ್ಟರೆ ಮೂವತ್ತು ಮರ ತಿರುಗಿದ್ದೇ ದಂಡ.

ಮರವನ್ನು ಬೋಳು ಮಾಡಬೇಡಿ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಮಿಲೇನಿಯಂ ಸೀಡ್ ಬ್ಯಾಂಕ್‌ನವರ ನಿಯಮ ಅಂದ್ರೆ, ಆ ದಿನ ಸಿಗೋ ಬೀಜದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಮುಟ್ಟಬಾರದು. ಉಳಿದದ್ದು ಹಕ್ಕಿಗೆ, ಅಳಿಲಿಗೆ, ನೆಲಕ್ಕೆ. ಹೊಂಗೆ, ಬೇವಿನ ಬೀಜ ಆಯ್ದು ಮಾರಿ ಜೀವನ ಮಾಡೋರೂ ಊರಲ್ಲಿರ್ತಾರೆ. ಅವರ ಪಾಲು ಕಸಿಯಬೇಡಿ, ಮೊದಲು ಕೇಳಿ. ಸಾಧ್ಯವಾದ್ರೆ ಅವರಿಗೇ ದುಡ್ಡು ಕೊಟ್ಟು ಮರವಾರು ಬೇರೆ ಬೇರೆ ಆಯ್ದು ಕೊಡೋಕೆ ಹೇಳಿ. ಯಾವ ಮರ ಯಾವಾಗ ಕಾಯಿ ಬಿಡುತ್ತೆ ಅನ್ನೋದು ಅವರಷ್ಟು ಯಾರಿಗೂ ಗೊತ್ತಿರಲ್ಲ.

ಕಾಡಿನ ವಿಷಯ ಬಂದ್ರೆ ಹುಷಾರು. ಮೀಸಲು ಅರಣ್ಯದೊಳಗೆ ಹೋಗಿ ಬೀಜ ತರೋಕೆ ಅರಣ್ಯ ಇಲಾಖೆ ಅನುಮತಿ ಬೇಕು, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಕ್ಕಂತೂ ಕಾನೂನು ಇನ್ನೂ ಬಿಗಿ. ನಿಮ್ಮ ಹೊಲ, ರಸ್ತೆ ಬದಿ, ಒಪ್ಪಿಗೆ ಪಡೆದ ದೇವಸ್ಥಾನದ ತೋಪು ಇಷ್ಟರಲ್ಲೇ ಬೇಕಾದಷ್ಟು ಸಿಗುತ್ತೆ. ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, 2002ರ ಕಾಯ್ದೆ ಪ್ರಕಾರ. ಅವರಿಗೊಂದು ಮಾತು ಹೇಳಿ.

ಎಲ್ಲಿಯ ಬೀಜ ಅನ್ನೋದೂ ಮುಖ್ಯ

ನೆಲ್ಲಿ ಮಲೆನಾಡಲ್ಲೂ ಬೆಳೆಯುತ್ತೆ, ಚಿತ್ರದುರ್ಗದ ಗುಡ್ಡದಲ್ಲೂ ಬೆಳೆಯುತ್ತೆ. ಹಾಗಂತ ಅಲ್ಲಿಂದ ಇಲ್ಲಿಗೆ ತರಬಹುದಾ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಚಳ್ಳಕೆರೆ ಕಡೆ 500 ಮಿ.ಮೀ. ಬಂದ್ರೆ ಅದೇ ಒಳ್ಳೆ ವರ್ಷ. ಸಾವಿರಾರು ವರ್ಷ ಆ ಮಳೆಗೆ ಒಗ್ಗಿದ ಮರದ ಬೀಜ ಈ ಬಿಸಿಲಿಗೆ ತಂದು ಹಾಕಿದ್ರೆ ಮೊದಲ ಎರಡು ವರ್ಷ ನೀರು ಕೊಟ್ಟಾಗ ಚೆನ್ನಾಗೇ ಕಾಣಬಹುದು. ಮೂರನೇ ಬೇಸಿಗೆಗೆ ಗೊತ್ತಾಗುತ್ತೆ.

ಇದನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸನ್, ಕೆಕ್, ಹೀಸಿ ಅನ್ನೋ ಮೂವರು 1930-40ರ ದಶಕಗಳಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಒಂದೇ ಜಾತಿಯ ಕಾಡು ಗಿಡವನ್ನು ಸಮುದ್ರದ ಹತ್ತಿರದಿಂದಲೂ ಎತ್ತರದ ಬೆಟ್ಟದಿಂದಲೂ ತಂದು, ಮೂರು ಬೇರೆ ಬೇರೆ ಎತ್ತರದ ತೋಟಗಳಲ್ಲಿ ಜೊತೆಜೊತೆಗೇ ಬೆಳೆಸಿದರು. ಮೇಲಿನ ತೋಟ 3,000 ಮೀಟರ್ ಎತ್ತರದಲ್ಲಿತ್ತು. ಕರಾವಳಿಯ ಗಿಡಗಳಿಗೆ ಅಲ್ಲಿಯ ಚಳಿ ತಡೆಯೋಕಾಗಲಿಲ್ಲ. ಬೆಟ್ಟದ ಗಿಡಗಳು ಕೆಳಗೆ ಬಂದರೂ ಗಿಡ್ಡವಾಗೇ ಉಳಿದವು. ಹೆಸರು ಒಂದೇ ಆದರೂ ಒಳಗಿನ ಗುಣ ಊರೂರಿಗೆ ಬೇರೆ.

ಹಾಗಂತ ನಿಮ್ಮೂರಿನದೇ ಬೀಜ ಅಂತ ಹಟ ಹಿಡಿಯೋದೂ ಬೇಡ. ನಿಮ್ಮೂರಲ್ಲಿ ಉಳಿದಿರೋದೇ ನಾಲ್ಕು ಹಿಪ್ಪೆ ಮರ ಆದ್ರೆ ಮತ್ತೆ ನಮ್ಮ ಶಾಲೆ ಹೊಂಗೆಯ ಕಥೆಯೇ. ಕಿಲೋಮೀಟರ್ ಲೆಕ್ಕಕ್ಕಿಂತ ಮಳೆ, ಮಣ್ಣು, ಎತ್ತರ ನೋಡಿ. ಇವು ಹೊಂದಿಕೆಯಾದ್ರೆ ಪಕ್ಕದ ತಾಲೂಕಿನ ಬೀಜ ಧಾರಾಳವಾಗಿ ಸೇರಿಸಿ. ಬಿಸಿಲು ವರ್ಷದಿಂದ ವರ್ಷಕ್ಕೆ ಏರ್ತಿರೋದರಿಂದ ನಮಗಿಂತ ಸ್ವಲ್ಪ ಒಣ ಸೀಮೆಯ ಬೀಜ ಐದರಲ್ಲಿ ಒಂದು ಪಾಲು ಬೆರೆಸೋದು ಒಳ್ಳೇದು ಅನ್ನೋದು ನನ್ನ ಲೆಕ್ಕ. ಇದರ ಬಗ್ಗೆ ವಿಜ್ಞಾನಿಗಳಲ್ಲೇ ಚರ್ಚೆ ನಡೀತಿದೆ. ನಾನಂತೂ ಹಾಗೇ ಮಾಡ್ತಿದ್ದೀನಿ.

ಮಲೆನಾಡಿನವರಿಗೆ ಒಂದು ಹೆಚ್ಚಿನ ತಲೆನೋವು

ಮುರುಗಲು, ಉಪ್ಪಾಗೆ, ರಾಮಪತ್ರೆ ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬೆಳೆಸಿದ್ರೆ ಸುಮಾರು ಅರ್ಧ ಗಂಡು ಆಗ್ತವೆ. ತೋಟದಲ್ಲಿ ಇದು ನಷ್ಟ, ಅದಕ್ಕೇ ಹೆಣ್ಣಿನ ಕಸಿ ಹಾಕ್ತಾರೆ. ಸೊಪ್ಪಿನಬೆಟ್ಟಕ್ಕೆ, ಕಾನಿಗೆ ಹಾಕುವಾಗ ಗಂಡೂ ಬೇಕು. ಕಾಯಿ ಬಿಡಲ್ಲ ಅಂತ ಗಂಡು ಮರ ಕಡಿದು ಸೌದೆ ಮಾಡಿದ ಬೆಟ್ಟದಲ್ಲಿ ಹೆಣ್ಣು ಮರಕ್ಕೆ ಪರಾಗ ತರೋರು ಯಾರು?

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಗೇರಿನ ಕುಲದ ಒಂದು ಮರ ಇದೆ. 2000ದಲ್ಲಷ್ಟೇ ಇದು ಹೊಸ ಪ್ರಭೇದ ಅಂತ ದಾಸಪ್ಪ ಮತ್ತು ಸ್ವಾಮಿನಾಥ್ ಗುರುತಿಸಿ, ಆ ಕಾಡಿನ ಹೆಸರನ್ನೇ ಅದಕ್ಕಿಟ್ಟರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಬೆಳೆದ ಮರಗಳು ತೀರಾ ಕಡಿಮೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜದಿಂದ ಸಸಿ ಎಬ್ಬಿಸಿ ಜಡ್ಡಿಗಳಿಗೆ ಮರಳಿ ನೆಡೋ ಕೆಲಸ ಮಾಡಿದ್ದಾರೆ. ಇಂಥ ಮರದ ವಿಷಯದಲ್ಲಿ ಮೂವತ್ತು ಮರ ಆರಿಸಿ ಅನ್ನೋ ಮಾತಿಗೆ ಅರ್ಥವೇ ಇಲ್ಲ, ಇರೋದರಲ್ಲಿ ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತೆ. ನಮ್ಮ ಹೊಂಗೆ, ಹಿಪ್ಪೆಗೆ ಆ ಗತಿ ಇನ್ನೂ ಬಂದಿಲ್ಲ.

ಬೀಜ ಇಡೋದು, ಬಿತ್ತೋದು

ಬೀಜಗಳಲ್ಲಿ ಎರಡು ಥರ. ಒಣಗಿಸಿ ಇಟ್ಟರೆ ಬದುಕೋವು, ಒಣಗಿದ್ರೆ ಸಾಯೋವು. ಹುಣಸೆ, ಬಾಗೆ, ಕಕ್ಕೆ ಮೊದಲನೇ ಗುಂಪು. ಒಣಗಿಸಿ ಡಬ್ಬದಲ್ಲಿಟ್ಟರೆ ವರ್ಷಗಟ್ಟಲೆ ಇರ್ತವೆ. ಸಿಪ್ಪೆ ಗಟ್ಟಿ ಇರೋದರಿಂದ ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಬೀಜವನ್ನೇ ಒಲೆ ಮೇಲೆ ಕುದಿಸಬೇಡಿ, ನಮ್ಮಲ್ಲೊಬ್ಬ ಹಾಗೂ ಮಾಡಿದ್ದ.

ಹಿಪ್ಪೆ, ನೇರಳೆ, ಹಲಸು, ಮಾವು, ಧೂಪ, ರಾಮಪತ್ರೆ ಎರಡನೇ ಗುಂಪು. ಇವನ್ನು ಬಿಸಿಲಿಗೆ ಹರಡಿದರೆ ಕಥೆ ಮುಗೀತು. ಹಣ್ಣು ಬಿಡಿಸಿ ತೊಳೆದು ಅದೇ ವಾರ ಬಿತ್ತಿ. ಬೇವು ಹೆಚ್ಚು ಕಡಿಮೆ ಇದೇ ಪಾಳಿಗೆ ಸೇರಿಸಿಕೊಳ್ಳಿ: ಹಳದಿ ತಿರುಗಿದ ಹಣ್ಣಿನ ತಿರುಳು ತೆಗೆದು, ನೆರಳಲ್ಲಿ ಎರಡು ದಿನ ಆರಿಸಿ, ಬೇಗ ಬಿತ್ತಬೇಕು. ಕಳೆದ ವರ್ಷದ ಬೇವಿನ ಬೀಜ ಅಂತ ಯಾರಾದ್ರೂ ಕೊಟ್ಟರೆ ಗೊಬ್ಬರಕ್ಕೆ ಹಾಕಿ. ಹೊಂಗೆಗೆ ಯಾವ ಉಪಚಾರವೂ ಬೇಡ, ಈ ವರ್ಷದ್ದು ಈ ವರ್ಷವೇ ಬಿತ್ತಿಬಿಡಿ. ನೆಲ್ಲಿ ಹಣ್ಣಿನ ಗೊರಟೆಯನ್ನು ಬಿಸಿಲಿಗಿಟ್ಟರೆ ತಾನೇ ಸಿಡಿದು ಒಳಗಿನ ಸಣ್ಣ ಬೀಜ ಹೊರಗೆ ಬರುತ್ತೆ.

ನೇರಳೆಯಲ್ಲಿ ಒಂದು ತಮಾಷೆ ಇದೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರೋದುಂಟು. ಅವುಗಳಲ್ಲಿ ಕೆಲವು ತಾಯಿಮರದ ತದ್ರೂಪ. ಸಸಿ ಲೆಕ್ಕ ಹೆಚ್ಚಾಯ್ತು ಅಂತ ಖುಷಿಪಡೋ ಹಾಗಿಲ್ಲ, ನೇರಳೆಗೆ ಇನ್ನೂ ನಾಲ್ಕು ತಾಯಿಮರ ಹೆಚ್ಚೇ ಹುಡುಕಿ.

ಸಸಿಮಡಿಯಲ್ಲಿ ನಾವೆಲ್ಲ ಮಾಡೋ ಒಂದು ತಪ್ಪು ಅಂದ್ರೆ, ಮೊದಲು ಎದ್ದ ದೊಡ್ಡ ಸಸಿಗಳನ್ನೇ ಚೀಲಕ್ಕೆ ಹಾಕಿ, ತಡವಾಗಿ ಎದ್ದದ್ದನ್ನು ಬಿಸಾಕೋದು. ಬೇಗ ಏಳೋದು ನರ್ಸರಿಯಲ್ಲಿ ಒಳ್ಳೆ ಗುಣ, ಅಲ್ಲಿ ದಿನಾ ನೀರಿದೆ. ಬಯಲಲ್ಲಿ ಮೊದಲ ಮಳೆಗೇ ಎದ್ದು, ಆಮೇಲೆ ಇಪ್ಪತ್ತು ದಿನ ಮಳೆ ಕೈಕೊಟ್ಟರೆ ಬೇಗ ಎದ್ದದ್ದೇ ಮೊದಲು ಸಾಯೋದು. ತಡವಾಗಿ ಎದ್ದ ಸಸಿಗೂ ಚೀಲ ಕೊಡಿ.

ಬೀಜದುಂಡೆ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಉಂಡೆ ಮಾಡೋದು ತಪ್ಪಲ್ಲ. ಅದರೊಳಗೆ ಯಾವ ಬೀಜ, ಎಷ್ಟು ಮರದ್ದು, ಎಲ್ಲಿಯದು ಅಂತ ಯಾರೂ ಕೇಳದೇ ಇರೋದು ತಪ್ಪು. ಒಂದು ಅಂಗಡಿಯಿಂದ ಒಂದು ಚೀಲ ಬೀಜ ತಂದು ಹತ್ತು ಸಾವಿರ ಉಂಡೆ ಕಟ್ಟಿ ಮೂರು ತಾಲೂಕಿಗೆ ಎಸೆದರೆ ಅದು ನಮ್ಮ ಎರಡು ಹೊಂಗೆಗಿಂತ ದೊಡ್ಡ ತಪ್ಪು. ಇನ್ನು ಕಾವಲುಗಳಲ್ಲಿ, ಹುಲ್ಲುಗಾವಲುಗಳಲ್ಲಿ ದಯವಿಟ್ಟು ಮರದ ಬೀಜ ಎಸೆಯಬೇಡಿ. ಅಮೃತಮಹಲ್ ಕಾವಲುಗಳು ಬರಡು ಭೂಮಿ ಅಲ್ಲ, ಅವು ಹುಲ್ಲಿನ ಕಾಡು. ಅಲ್ಲಿ ಏನಾದ್ರೂ ಹಾಕಲೇಬೇಕು ಅಂದ್ರೆ ಅಲ್ಲಿಯದೇ ಹುಲ್ಲಿನ ಬೀಜ ಹಾಕಬೇಕು.

ಸಸಿ ಮಾಡಿ ಮಾರೋ ಯೋಚನೆ ಇದ್ದವರು ಪಿನ್, ಫೋಟೋ, ತಾರೀಖಿನ ದಾಖಲೆ ಇಟ್ಟುಕೊಂಡಿರಿ. ಬೀಜ ಎಲ್ಲಿಯದು ಅಂತ ತೋರಿಸೋ ನರ್ಸರಿಗಳು ಕಡಿಮೆ, ಕೇಳೋರು ಈಗ ಶುರುವಾಗ್ತಿದ್ದಾರೆ. ಸ್ವಂತ ಜಮೀನಿಗೆ ಹಾಕೋರು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ವಿಚಾರಿಸಿ. ಅದರಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಇದೆ, ಆದರೆ ಸಸಿ ಇಲಾಖೆ ನರ್ಸರಿಯಿಂದ ತಂದು ನೋಂದಾಯಿಸಬೇಕು. ಆ ಸಸಿಗಳ ಜೊತೆ ನಡುನಡುವೆ ನೀವೇ ಆಯ್ದು ಬೆಳೆಸಿದ್ದನ್ನೂ ಸೇರಿಸಿ, ಯಾರೂ ಬೇಡ ಅನ್ನಲ್ಲ.

ನಮ್ಮ ಹಳ್ಳದ ಹಳೇ ಸಾಲನ್ನು ನಾವು ಕಡಿದಿಲ್ಲ. ನಡುನಡುವೆ ಸತ್ತು ಖಾಲಿಯಾದ ಕಡೆ ಹೊಸ ಸಸಿ ಸೇರಿಸ್ತಾ ಬಂದಿದ್ದೀವಿ. ಈ ವರ್ಷದ ಪಟ್ಟಿಯಲ್ಲಿ ಸದ್ಯಕ್ಕೆ 22 ಹೊಂಗೆ ಪಿನ್ ಆಗಿವೆ, ಇನ್ನು ಎಂಟು ಬೇಕು. ಕೆರೆ ಏರಿ ಮೇಲೆ ಮೂರು ನೋಡಿಟ್ಟಿದ್ದೀವಿ. ಉಳಿದ ಐದು ಪಕ್ಕದೂರಿನ ದೇವಸ್ಥಾನದ ತೋಪಿನಲ್ಲಿವೆ, ಭಾನುವಾರ ಅಲ್ಲಿಯ ಹಿರಿಯರನ್ನು ಕೇಳೋಕೆ ಹೋಗ್ತಿದ್ದೀವಿ.